ಸರ್ವಮಂಗಳಮ್ಮನ ಹಜಾರವಿಜಯ

ಆಲಿಸಿರಿ ಸಭಾಸದರೇ, ಆಕಳಿಸುತ್ತಿರುವವರೂ ಬಾಯಿ ಮುಚ್ಚಿ ಆಲಿಸಿರಿ! ಕಲಿಯುಗದ ಪ್ರಥಮಪಾದದಲ್ಲಿ, ಜಂಬೂದ್ವೀಪದ ದಕ್ಷಿಣಭಾಗದಲ್ಲಿ, ತುಮಕೂರೆಂಬ ಮಹಾನಗರದ ನೀರಿನ ಟ್ಯಾಂಕಿನ ಹಿಂದಣ ಎರಡನೆಯ ಅಡ್ಡರಸ್ತೆಯಲ್ಲಿ, ಸಮ್ಮಾರ್ಜನೀಹಸ್ತೆಯೂ, ಜೇಡರಬಲೆಕುಲಾಂತಕಿಯೂ, ಸ್ವಪತಿಹೃದಯಭಯಂಕರಿಯೂ ಆದ ಸರ್ವಮಂಗಳಮ್ಮನೆಂಬ ವೀರಾಗ್ರಣಿಯು, ತನ್ನ ಮನೆಯ ಹಜಾರವನ್ನು ಬಂದವರು ಕೂರುವಂಥ ಹಜಾರವನ್ನಾಗಿಸಲು ಹೂಡಿದ ಘೋರಸಮರವನ್ನು ನಾನೀಗ ಬಣ್ಣಿಸತೊಡಗಿದ್ದೇನೆ. ತಾಯೇ ವಾಗ್ದೇವಿ, ನನ್ನ ನಾಲಗೆಯ ಮೇಲೆ ಬಂದು ಕೂರು. ಜಾಗ ಸಾಲದಿದ್ದರೂ ಹೊಂದಿಸಿಕೋ, ಆ ಮನೆಯ ಸೋಫಾಗಿಂತ ಎಷ್ಟೋ ವಾಸಿ.

ಸಮರಕ್ಕೆ ಕಾರಣಳಾದವಳು ಒಡಹುಟ್ಟಿದ ಅಕ್ಕ ಶಿವಗಂಗಮ್ಮ. ಮೂರೇ ರಸ್ತೆ ಆಚೆಗಿನ ವಾಸ. ಹೆತ್ತ ತಾಯಿ ಇರುವ ತನಕ ಪ್ರತಿ ಭಾನುವಾರ ಇಬ್ಬರೂ ಆ ತಾಯಿಯ ಮನೆಯಲ್ಲಿ ಸೇರಿ, ಮಧ್ಯಾಹ್ನ ಶುರುಮಾಡಿದ ಮಾತನ್ನು ದೀಪ ಹಚ್ಚುವ ಹೊತ್ತಿಗೂ ಮುಗಿಸುತ್ತಿರಲಿಲ್ಲ. ತಾಯಿ ತೀರಿಕೊಂಡರು, ಭಾನುವಾರಗಳೂ ಅವರೊಂದಿಗೇ ಹೋದವು. ಯುಗಾದಿಯ ಮರುದಿನ ಶಿವಗಂಗಮ್ಮ ತಂಗಿಯ ಮನೆಗೇನೋ ಬಂದಳು. ಆದರೆ ಸೋಫಾದ ತುದಿಯಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತು, ಅರ್ಧ ಲೋಟ ಕಾಫಿ ಬಿಟ್ಟು, ಒಂಬತ್ತೇ ನಿಮಿಷಕ್ಕೆ "ಬರ್ತೀನಿ ಕಣೇ" ಎಂದು ಎದ್ದುಬಿಟ್ಟಳು. ಸಾಲದ್ದಕ್ಕೆ ನೆಂಟರೊಬ್ಬರ ಹತ್ತಿರ, "ಮಂಗಳಿ ಮನೆ ಹಾಲಲ್ಲಿ ಕೂತ್ರೆ ಡಾಕ್ಟ್ರ ಶಾಪಲ್ಲಿ ಕೂತಂಗಾಗುತ್ತೆ ಕಣ್ರೀ, ನಮ್ಮ ನಂಬರ್ ಯಾವಾಗ ಕೂಗ್ತಾರೋ ಅಂತ" ಎಂದುಬಿಟ್ಟಳಂತೆ. ಆ ಪುಣ್ಯಾತ್ಮರು ಮಾತನ್ನು ಒಂದಕ್ಷರವೂ ಬೀಳದಂತೆ ತಂದು ಮಂಗಳಮ್ಮನಿಗೆ ಒಪ್ಪಿಸಿದರು.

ಸುಳ್ಳೇಕೆ ಹೇಳಲಿ? ಅಕ್ಕ ಹೇಳಿದ್ದು ಸರಿಯಾಗಿಯೇ ಇತ್ತು. ಗೋಡೆಗೆ ಬೆನ್ನು ಹಚ್ಚಿ ನಿಂತ ನಾಲ್ಕು ಕುರ್ಚಿಗಳು, ಮುಖ ಬಿಳಿಚುವಂತೆ ಉರಿಯುವ ಟ್ಯೂಬ್‌ಲೈಟು, ಔಷಧಿ ಅಂಗಡಿಯ ಕ್ಯಾಲೆಂಡರು, ನಟ್ಟನಡುವೆ ಏಳು ವರ್ಷಗಳಿಂದ ಪ್ಲಾಸ್ಟಿಕ್ ಕವಚವನ್ನು ಕಳಚದೆ ಕುಳಿತ ಮಹಾಸೋಫಾ. ಕೂತವರು ಮಿಸುಕಿದರೆ ಚರ್ ಎನ್ನುತ್ತಿತ್ತು, ಎದ್ದರೆ ಸೀರೆ ಹಿಡಿದೆಳೆಯುತ್ತಿತ್ತು.

ಆಗ, ಬಿಸಿಯಾದ ಒಗ್ಗರಣೆಯಂತೆ ಸಿಡಿದೆದ್ದ ಮಂಗಳಮ್ಮನು ಸೌಟನ್ನು ಗಗನಕ್ಕೆತ್ತಿ, ಪೇಪರು ಓದುತ್ತಿದ್ದ ಪತಿ ಮರುಳಸಿದ್ದಪ್ಪನವರನ್ನು ಕುರಿತು ಗರ್ಜಿಸಿದಳು: "ಎಲೈ ಪ್ರಾಣನಾಥನೇ, ಪೇಪರನ್ನು ಕೆಳಗಿಳಿಸಿ ನನ್ನ ಪ್ರತಿಜ್ಞೆಯನ್ನು ಕೇಳುವಂಥವನಾಗು! ಮುಂದಿನ ವಾರ ಬಿಟ್ಟು ಅದರಾಚೆಯ ಭಾನುವಾರ, ಅಪರಾಹ್ಣ ನಾಲ್ಕು ಗಂಟೆಗೆ, ಇದೇ ಹಜಾರದಲ್ಲಿ, ನನ್ನ ಅಗ್ರಜೆಯನ್ನು ಬ್ಯಾಗು ಕೆಳಗಿಡಿಸಿ, ಕಾಲು ಮೇಲಕ್ಕೆ ಮಡಚಿಸಿ, ತುಂಬಿದ ಒಂದು ಗಂಟೆ ಕೂರಿಸದಿದ್ದರೆ, ನಾನು ಹಾಲಪ್ಪನವರ ಮಗಳೇ ಅಲ್ಲ!"

ಅಕ್ಕನನ್ನು ಬಿಟ್ಟರೆ ತವರೆಂದು ಹೇಳಿಕೊಳ್ಳಲು ಅವಳಿಗೆ ಇನ್ಯಾರೂ ಉಳಿದಿರಲಿಲ್ಲ.

ಹದಿನಾಲ್ಕು ದಿನಗಳ ಯುದ್ಧ ನಡೆಯಿತು. ಕುರ್ಚಿಗಳು ಗೋಡೆಯನ್ನು ಬಿಟ್ಟು ಒಂದಕ್ಕೊಂದು ಮುಖ ಮಾಡಿದವು. ಕ್ಯಾಲೆಂಡರು ಅಡುಗೆಮನೆಗೆ ಗಡೀಪಾರಾಯಿತು. ಟ್ಯೂಬ್‌ಲೈಟಿನ ಸಿಂಹಾಸನಕ್ಕೆ ಹಳದಿ ಬಲ್ಬು ಏರಿತು. ಮೂವತ್ತು ವರ್ಷಗಳಿಂದ ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಬಂದು, ಹೊಲಿಸುವ ಯೋಗವಿಲ್ಲದೆ ಬೀರುವಿನಲ್ಲಿ ತಪಸ್ಸು ಮಾಡುತ್ತಿದ್ದ ರವಿಕೆ ಕಣಗಳೆಲ್ಲ ಹೊರಬಿದ್ದು ದಿಂಬಿನ ಕವರುಗಳಾದವು. ಇದೆಲ್ಲಕ್ಕೂ ಗೋಣಾಡಿಸಿದ ಮರುಳಸಿದ್ದಪ್ಪನವರು, ಹತ್ತನೆಯ ದಿನ ಮಡದಿಯು ಕತ್ತರಿ ಹಿಡಿದು ಸೋಫಾದತ್ತ ನಡೆದಾಗ ಮಾತ್ರ ಎರಡೂ ತೋಳು ಚಾಚಿ ಅಡ್ಡ ನಿಂತರು.

"ನಿಲ್ಲು ಮಾನಿನೀ! ಸಪ್ತಸಂವತ್ಸರಗಳ ಕಾಲ ಧೂಳಿನಿಂದಲೂ ಕಾಫಿಯಿಂದಲೂ ನಾನು ಕಾಪಾಡಿಕೊಂಡು ಬಂದ ಈ ಕವಚವನ್ನು, ಯಾರಾದರೂ ದೊಡ್ಡ ಮನುಷ್ಯರು ಬಂದ ದಿನ ತೆಗೆಯೋಣವೆಂದು ಅಂದೇ ತೀರ್ಮಾನವಾಗಿಲ್ಲವೇ? ಇದಕ್ಕೆ ಕತ್ತರಿ ತಾಗಿದರೆ ನಾನು ಅನ್ನ ಬಿಟ್ಟೇನು!"

"ಬಿಡಿ. ಒಂದು ಪಾವು ಅಕ್ಕಿ ಉಳಿಯುತ್ತೆ," ಎಂದಳು ಆ ವೀರಮಹಿಳೆ, ಪ್ರಾಣನಾಥಾದಿ ಸಂಬೋಧನೆಗಳನ್ನೆಲ್ಲ ಕೈಬಿಟ್ಟು. ಕವಚ ಪರಪರನೆ ಸೀಳಿಹೋಯಿತು. ಮರುಳಸಿದ್ದಪ್ಪನವರು ಅದನ್ನು ಮಡಚಿ, ಮುಂದೆ ಬೇಕಾಗುತ್ತದೆಂದು ಮಂಚದ ಕೆಳಗೆ ಸೇರಿಸಿ, ಆ ರಾತ್ರಿ ಎರಡು ಮುದ್ದೆ ಉಂಡರು.

ಬಂತು ಭಾನುವಾರ. "ಸುಮ್ನೆ ಬಂದ್ ಹೋಗು" ಎಂದು ತಂಗಿ ಕರೆದಿದ್ದಂತೆ ನಾಲ್ಕಕ್ಕೆ ಸರಿಯಾಗಿ ಶಿವಗಂಗಮ್ಮ ಹೊಸ್ತಿಲು ದಾಟಿದಳು, ದಾಟಿ ಹಾಗೇ ನಿಂತಳು. ಊದಿನಕಡ್ಡಿಯ ಹೊಗೆ, ಹಿತ್ತಾಳೆ ಬಟ್ಟಲಲ್ಲಿ ಮಲ್ಲಿಗೆ, ಬಣ್ಣಬಣ್ಣದ ದಿಂಬು. ತಂಗಿಯ ಗಂಡ ನೋಡಿದರೆ ಇಸ್ತ್ರಿ ಮಾಡಿದ ಪಂಚೆ ಉಟ್ಟು ಶಲ್ಯ ಹೊದ್ದಿದ್ದಾರೆ. ತಂಗಿ ರೇಷ್ಮೆ ಸೀರೆಯಲ್ಲಿದ್ದಾಳೆ.

"ಕೂತ್ಕೋ ಅಕ್ಕ," ಎಂದಳು ಮಂಗಳಮ್ಮ.

"ಇಲ್ಲೇ ಸಾಕು ಬಿಡೇ," ಎಂದು ಶಿವಗಂಗಮ್ಮ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಅರ್ಧ ಕೂತಳು. ಸೋಫಾ ನೋಡಿದಳು, ಗಡಿಯಾರ ನೋಡಿದಳು, ಬ್ಯಾಗು ಹೆಗಲಿಗೇರಿಸಿದಳು. "ಬರ್ತೀನಿ ಕಣೇ."

ಎರಡು ನಿಮಿಷ! ಅಯ್ಯೋ ವಿಧಿಯೇ, ಒಂಬತ್ತಿದ್ದದ್ದು ಎರಡಕ್ಕಿಳಿಯಿತೇ!

ಹೊರಗೆ ಚಪ್ಪಲಿ ಮೆಟ್ಟುತ್ತ ಶಿವಗಂಗಮ್ಮ ದನಿ ತಗ್ಗಿಸಿ ಹೇಳಿದಳು: "ಯಾರೋ ದೊಡ್ಡೋರು ಬರೋರಿದಾರೆ ಅಂತ ಒಂದ್ ಫೋನ್ ಮಾಡಿ ಹೇಳಬಾರ್ದಿತ್ತೇನೇ? ನಾನು ಇನ್ನೊಂದಿನ ಬರ್ತಿದ್ದೆ. ಇಷ್ಟೆಲ್ಲಾ ರೆಡಿ ಮಾಡ್ಕೊಂಡಿದೀರಾ, ಮಧ್ಯೆ ನಾನೊಬ್ಬಳು ಬಂದು ವಕ್ಕರಿಸ್ಕೊಂಡೆ."

ಸಭಾಸದರೇ, ಪ್ರತಿಜ್ಞೆ ಮಾಡುವಾಗ ಗುಡುಗಿದ ಆ ವೀರಾಗ್ರಣಿಯು ಈಗ ಬರಿಗಾಲಲ್ಲೇ ಅಂಗಳಕ್ಕಿಳಿದಳು. ಅಕ್ಕ ಗೇಟಿನ ಚಿಲಕಕ್ಕೆ ಕೈ ಹಾಕಿದಳು.

"ಯಾರೂ ಬರಲ್ಲ ಕಣಕ್ಕಾ!" ಮಂಗಳಮ್ಮ ಬೀದಿಗೆಲ್ಲ ಕೇಳುವಂತೆ ಅರಚಿದಳು. "ನೀನ್ ಬರ್ತೀಯ ಅಂತಾನೇ ಮಾಡಿದ್ದು ಇದನ್ನೆಲ್ಲಾ! ಹದಿನೈದು ದಿನದಿಂದ ಸೊಂಟ ಬಿದ್ದೋಗಿದೆ ನಂಗೆ. ಬಂದು ತೆಪ್ಪಗೆ ಕೂತ್ಕೋ!"

ಆಮೇಲೆ ಅಳು ಬಂದುಬಿಟ್ಟಿತು. ರೇಷ್ಮೆ ಸೆರಗಲ್ಲೇ ಮೂಗು ಒರೆಸಿಕೊಂಡಳು.

ಶಿವಗಂಗಮ್ಮ ಚಪ್ಪಲಿ ಬಿಟ್ಟು, ಒಳಗೆ ಬಂದು ಸೋಫಾದ ನಟ್ಟನಡುವೆ ಕೂತಳು. ಬ್ಯಾಗು ಕೆಳಗಿಟ್ಟಳು. "ನಂಗಾ? ಹುಚ್ಚುಮುಂಡೇದೇ," ಎಂದಳು. ಅವಳ ಕಣ್ಣೂ ಒದ್ದೆಯಾಗಿತ್ತು. "ಮೊದ್ಲು ಆ ಫ್ಯಾನ್ ಹಾಕು, ಬೆಂದೋಗ್ತಿದೀನಿ."

ದಂಪತಿಗಳು ಮುಖ ಮುಖ ನೋಡಿಕೊಂಡರು. ನೆಲ, ಗೋಡೆ, ಮೂಲೆಗಳನ್ನೆಲ್ಲ ಜಯಿಸಿದ ಆ ಶೂರರು ಹದಿನಾಲ್ಕು ದಿನವೂ ಕತ್ತೆತ್ತಿ ನೋಡಿರಲಿಲ್ಲ. ಮರುಳಸಿದ್ದಪ್ಪನವರು ಹೆದರುತ್ತಲೇ ಸ್ವಿಚ್ಚು ಒತ್ತಿದರು. ಎರಡು ಸುತ್ತು ಸುಮ್ಮನಿದ್ದ ಫ್ಯಾನು ಮೂರನೆಯ ಸುತ್ತಿಗೆ ತನ್ನ ರೆಕ್ಕೆಗಳ ಮೇಲಿದ್ದ ವರ್ಷಾಂತರಗಳ ಧೂಳನ್ನೆಲ್ಲ ದಿಂಬಿನ ಮೇಲೆ, ಮಲ್ಲಿಗೆಯ ಮೇಲೆ, ಶಿವಗಂಗಮ್ಮನ ತಲೆಯ ಮೇಲೆ ಉದುರಿಸಿತು.

"ಥೂ ನಿನ್ನ ಮನೆ ಕಾಯ್ವಾಗ!" ಅಕ್ಕ ನಾಲ್ಕು ಸಲ ಸೀನಿ, ನಗಲಾರಂಭಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಆ ಸ್ಟೂಲ್ ಇಲ್ ತಗೊಂಬಾ. ಒಂದ್ ಒದ್ದೆ ಬಟ್ಟೆ ಕೊಡು. ಸಿದ್ದಪ್ಪನೋರೇ, ನೀವು ಸ್ಟೂಲ್ ಹಿಡ್ಕೊಳ್ಳಿ."

ಫ್ಯಾನು ಒರೆಸಿದರು. ಆಮೇಲೆ ಅಕ್ಕತಂಗಿಯರು ಧೂಳು ಕೊಡವಿದ ಸೋಫಾದ ಮೇಲೆ ಕಾಲು ಮಡಚಿ ಕೂತು, ಅವ್ವನ ಸುದ್ದಿ, ಅವರಿವರ ಸುದ್ದಿಯೆಲ್ಲ ಎತ್ತಿ, ಏಳೂವರೆಯ ತನಕ ಬಾಯಿ ಮುಚ್ಚಲಿಲ್ಲ. ಮರುಳಸಿದ್ದಪ್ಪನವರೇ ಎರಡು ಸಲ ಕಾಫಿ ಮಾಡಿದರು, ಎರಡು ಸಲವೂ ಸಕ್ಕರೆ ಜಾಸ್ತಿಯಾಯಿತು. ಹೊರಡುವಾಗ ಶಿವಗಂಗಮ್ಮ ಸುತ್ತಲೂ ನೋಡಿ, "ಕಿಟಕಿ ಸರಳು ನೋಡಕ್ಕಾಗಲ್ಲ ಕಣೇ, ಕರ್ಮ! ಮುಂದಿನ ಭಾನುವಾರ ಬಂದು ನಾನೇ ಒರೆಸ್ತೀನಿ" ಎಂದಳು.

ಸಮ್ಮಾರ್ಜನೀಹಸ್ತೆಯೂ ಜೇಡರಬಲೆಕುಲಾಂತಕಿಯೂ ಆದ ಸರ್ವಮಂಗಳಮ್ಮನು ಆ ವಾರವಿಡೀ ಕಿಟಕಿ ಒರೆಸಲಿಲ್ಲ.