ಏಳು ವರ್ಷ ಗಂಡನಾಗಿದ್ದ ನೀರಾನೆಯವರ ಸನ್ನಿಧಾನಕ್ಕೆ

ಶ್ರೀ ದೊಡ್ಡಬಸವರಾಜ ಅವರಿಗೆ
('ಶ್ರೀ' ಎಂಬುದನ್ನು ಹಳೆಯ ರೂಢಿಯಿಂದ ಬರೆದಿದ್ದೇನೆ, ಮನ್ನಿಸಬೇಕು)
ನೀರಾನೆಗಳ ಕೊಳ, ಪ್ರಾಣಿ ಸಂಗ್ರಹಾಲಯ,
ಸಿರುಗುಪ್ಪ ರಸ್ತೆ, ಬಳ್ಳಾರಿ.

ಮಾನ್ಯರೇ,

ಬಳ್ಳಾರಿಯ ಜನರೆಲ್ಲ ಒದ್ದೆ ಟವೆಲು ತಲೆಗೆ ಸುತ್ತಿಕೊಂಡು ಗೋಡೆಯ ನೆರಳು ಹುಡುಕುತ್ತಿರುವ ಈ ಬೇಸಿಗೆಯಲ್ಲಿ, ಮೂಗಿನ ಹೊಳ್ಳೆ ಮತ್ತು ಎರಡು ಕಿವಿಗಳನ್ನಷ್ಟೇ ಲೋಕದ ದರ್ಶನಕ್ಕೆ ಬಿಟ್ಟು ಉಳಿದ ಸಮಸ್ತ ದೇಹವನ್ನು ತಣ್ಣೀರಿನಲ್ಲಿ ಅದ್ದಿಕೊಂಡು ವಿರಾಜಮಾನರಾಗಿರುವ ತಮಗೆ, ತಮ್ಮ ಮೇವುಗಾರ ಹಾಲಸಿದ್ದಪ್ಪನ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವುದು ಪತ್ರದ ಪದ್ಧತಿ. ಆದರೆ ಇಂದು ಬೆಳಿಗ್ಗೆ ಎರಡು ಹೊರೆ ಹಸಿ ಹುಲ್ಲು, ಒಂದು ಬುಟ್ಟಿ ಸೌತೆಕಾಯಿ ಮತ್ತು ಮೂರು ಕಲ್ಲಂಗಡಿಗಳನ್ನು ತಾವು ಸ್ವೀಕರಿಸಿದ್ದನ್ನು ಕಣ್ಣಾರೆ ಕಂಡಿರುವುದರಿಂದ ಆ ಪ್ರಶ್ನೆಯನ್ನು ಬಿಟ್ಟಿದ್ದೇನೆ. ಕ್ಷೇಮವಾಗಿಲ್ಲದವನು ನಾನು. ಅದಕ್ಕೆ ಕಾರಣರು ತಾವೆಂದು ಮೊನ್ನೆಯವರೆಗೂ ನಂಬಿದ್ದೆ, ಈಗಲೂ ಸ್ವಲ್ಪ ನಂಬುತ್ತೇನೆ, ಆದ್ದರಿಂದ ಈ ಪತ್ರ.

ದೂರು ಇಷ್ಟೇ. ಮೂರು ವಾರದ ಹಿಂದೆ ಬಂದ ಪರೀಕ್ಷೆಯ ಕಾಗದದ ಪ್ರಕಾರ ತಾವು ಗಂಡಲ್ಲ, ಹೆಣ್ಣು. ತಮ್ಮ ಜೊತೆಗೆ ಅದೇ ಕೊಳದಲ್ಲಿರುವ ಪಂಪಾವತಿಯವರೂ ಹೆಣ್ಣು. ನಾವಾದರೋ ಏಳು ವರ್ಷದಿಂದ ತಮ್ಮನ್ನು ಗಂಡನೆಂದೂ ಅವರನ್ನು ಹೆಂಡತಿಯೆಂದೂ ನಂಬಿ, ಇವತ್ತು ಮರಿಯಾದೀತು ನಾಳೆ ಮರಿಯಾದೀತು ಎಂದು ಕಾದು, ಆಗಲಿಲ್ಲವೆಂದು ಪಂಪಾವತಿಯವರನ್ನು ಆಡಬಾರದ್ದೆಲ್ಲ ಆಡಿಕೊಂಡೆವು. ಇಷ್ಟು ದೀರ್ಘ ಕಾಲದಲ್ಲಿ ತಾವು ಒಂದೇ ಒಂದು ಸುಳಿವು ಕೊಡಬಾರದಿತ್ತೇ ಎಂಬುದು ನನ್ನ ವಿನಮ್ರ ಪ್ರಶ್ನೆ.

ತಮ್ಮ ನೆನಪಿಗಾಗಿ ಹಿಂದಿನದನ್ನು ಸ್ವಲ್ಪ ಬರೆಯುತ್ತೇನೆ. ತಾವಿಬ್ಬರೂ ದೂರದ ಊರಿನಿಂದ ಲಾರಿಯಲ್ಲಿ ಬಂದಿರಿ. ದಾರಿಯುದ್ದಕ್ಕೂ ತಮ್ಮ ಮೈ ಒಣಗದಿರಲೆಂದು ಪೆಟ್ಟಿಗೆಗೆ ನೀರು ಸುರಿದುಕೊಂಡೇ ಬಂದಿದ್ದರು, ಪೆಟ್ಟಿಗೆಗೆ ಸಿಕ್ಕಿಸಿದ್ದ ಜಾತಕದ ಕಾಗದಗಳು ಅಂಬಲಿಯಾಗಿದ್ದವು. ಆಗಿನ ಸಾಹೇಬರು ಅವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಹಾಲಸಿದ್ದಪ್ಪ, ಇದರಾಗ ಗಂಡು ಯಾವುದೋ?" ಎಂದು ಕೇಳಿದರು. ಸಿರಿಗೇರಿಯ ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಎಮ್ಮೆ ಸಾಕಿದವನು ನಾನು, ಗಂಡು ಹೆಣ್ಣು ಗೊತ್ತಿಲ್ಲ ಎಂದು ಹೇಳುವುದು ಹೇಗೆ? ಆದರೆ ಎಮ್ಮೆಗಿರುವ ಗುರುತುಗಳು ತಮ್ಮ ಜಾತಿಯಲ್ಲಿ ಹೊರಗೆ ಕಾಣುವುದಿಲ್ಲ, ಗಂಡಿನದೆಲ್ಲ ಒಳಗೇ ಇರುತ್ತದೆ ಎಂಬುದು ನನಗೆ ಆಮೇಲೆ ತಿಳಿದ ಸಂಗತಿ. ಅಷ್ಟರಲ್ಲಿ ನನ್ನ ಜೊತೆ ಕೆಲಸದ ಶರಣ ಹುಲ್ಲಿನ ಮೊದಲ ಹೊರೆ ತಂದು ಹಾಕಿದ. ತಾವು ಪಂಪಾವತಿಯವರನ್ನು ಭುಜದಿಂದ ನೂಕಿ ಮುಂದೆ ಹೋಗಿ ಬಾಯಿ ಹಾಕಿದಿರಿ, ಅವರು ಹಿಂದೆ ನಿಂತು ಕಾದರು. "ಮುಂದ ನುಗ್ಗಿ ಉಣ್ಣೋದು ಗಂಡ್ರಿ ಸಾಹೇಬ್ರ" ಎಂದು ಹೇಳಿಬಿಟ್ಟೆ. ಅಲ್ಲಿದ್ದ ಹನ್ನೆರಡು ಜನರಲ್ಲಿ ಒಬ್ಬರೂ ಅದಕ್ಕೆ ಎರಡನೆಯ ಮಾತಾಡಲಿಲ್ಲ.

ಅದೇ ವಾರ ಫಲಕ ಬರೆಸಲಾಯಿತು. ತಮ್ಮ ಗಾತ್ರ ನೋಡಿ ದೊಡ್ಡಬಸವರಾಜನೆಂದು, ಅವರು ನೀರು ಬಿಟ್ಟು ಏಳದ್ದನ್ನು ನೋಡಿ ಪಂಪಾವತಿಯೆಂದು ಹೆಸರಿಟ್ಟವನು ನಾನೇ. ಶರಣ ಎಲ್ಲಿಂದಲೋ ಎರಡು ಬಾಸಿಂಗ ತಂದು ಬೇಲಿಗೆ ಕಟ್ಟಿದ, ನಾವೆಲ್ಲ ಅಕ್ಕಿಕಾಳು ಹಾಕಿದೆವು. ತಾವು ಅಕ್ಕಿಕಾಳಿಗೂ ಬಾಯಿ ತೆರೆದಿರಿ.

ತಮ್ಮ ಗಂಡಸ್ತನದ ಬಗ್ಗೆ ಅನುಮಾನ ಬರಬೇಕಾದ ಸಂದರ್ಭಗಳು ಇರಲಿಲ್ಲವೆಂದಲ್ಲ. ಗಂಡು ನೀರಾನೆ ಸೆಗಣಿ ಹಾಕುವಾಗ ಬಾಲವನ್ನು ಫ್ಯಾನಿನಂತೆ ತಿರುಗಿಸಿ ನಾಲ್ಕೂ ದಿಕ್ಕಿಗೆ ಎರಚಿ ತನ್ನ ಗಡಿ ಗುರುತು ಮಾಡುತ್ತದೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ತಾವು ಆ ಕೆಲಸವನ್ನು ಮೂಲೆಯಲ್ಲಿ ಮರ್ಯಾದೆಯಿಂದ ಮುಗಿಸುತ್ತಿದ್ದಿರಿ. ದೊಡ್ಡ ಮನೆತನದವರು, ಸಂಸ್ಕಾರವಂತರು ಎಂದು ನಾವು ತಮ್ಮನ್ನು ಹೊಗಳಿದೆವು. ತಾವು ಒಮ್ಮೆಯೂ ಪಂಪಾವತಿಯವರ ಹಿಂದೆ ಬೀಳದಿದ್ದಾಗ, ಎಂಥಾ ಸಂಭಾವಿತ ಗಂಡ, ಇಂಥವರು ಸಿಗುವುದು ಅಪರೂಪ ಎಂದೆವು. ಸಂಗ್ರಹಾಲಯ ನೋಡಲು ಬಂದ ಹೆಂಗಸರಿಗೆಲ್ಲ ತಮ್ಮನ್ನು ತೋರಿಸಿ ಉದಾಹರಣೆ ಕೊಟ್ಟಿದ್ದೇನೆ.

ಇನ್ನು ಪಂಪಾವತಿಯವರ ಪಾಡು. ತಮ್ಮ ಜಾತಿಯವರು ಮರಿ ಹಾಕುವುದರಲ್ಲಿ ಎಷ್ಟು ಧಾರಾಳಿಗಳೆಂದರೆ, ಬೇರೆ ಊರಿನ ಸಂಗ್ರಹಾಲಯಗಳಲ್ಲಿ ಇನ್ನು ಸಾಕೆಂದು ಗಂಡು ಹೆಣ್ಣುಗಳನ್ನು ಬೇರೆ ಬೇರೆ ಕೊಳದಲ್ಲಿ ಇಡುತ್ತಾರಂತೆ. ಅಂಥ ಜಾತಿಯಲ್ಲಿ ಹುಟ್ಟಿಯೂ, ಜೊತೆಯಾಗಿ ಎರಡು ವರ್ಷವಾದರೂ ಮರಿ ಇಲ್ಲವೆಂದ ಮೇಲೆ ತಪ್ಪು ಯಾರದೆಂದು ನಾವು ಸಭೆ ಸೇರಿ ಚರ್ಚಿಸಬೇಕಾಗಲಿಲ್ಲ. ಕೊಬ್ಬು ಹೆಚ್ಚಾಗಿ ಗರ್ಭ ನಿಲ್ಲುತ್ತಿಲ್ಲವೆಂದು ಅವರ ಕಲ್ಲಂಗಡಿ ನಿಲ್ಲಿಸಿದೆವು, ಗಂಡಿಗೆ ಶಕ್ತಿ ಬೇಕೆಂದು ಆ ಪಾಲನ್ನೂ ತಮಗೇ ಹಾಕಿದೆವು. ಅವರ ರಕ್ತ ತೆಗೆದೆವು, ಇನ್ನೊಂದು ವರ್ಷ ಮತ್ತೆ ತೆಗೆದೆವು. ನಾಲ್ಕನೆಯ ವರ್ಷ ನನ್ನ ಹೆಂಡತಿ ಜಂಬಮ್ಮನಿಗೆ ಹೇಳಿ ಉಡಿ ತುಂಬಿಸಿದೆ. ಮಗಳಂಥ ಜೀವ, ತವರಿನವರು ಯಾರೂ ಇಲ್ಲ, ನಾವೇ ತವರು ಎಂದುಕೊಂಡು ಬ್ರೂಸ್‌ಪೇಟೆಯಲ್ಲಿ ಹಸಿರು ಖಣ ತಂದು, ಅಕ್ಕಿ, ಕೊಬ್ಬರಿ, ಉತ್ತತ್ತಿ, ಬಾಳೆಹಣ್ಣು ಇಟ್ಟೆವು, ಕಸ ಗುಡಿಸುವ ಹೆಂಗಸರೆಲ್ಲ ಬೇಲಿಯ ಹತ್ತಿರ ನಿಂತು ಹಾಡು ಹೇಳಿದರು. ಪಂಪಾವತಿಯವರು ಉಡಿಯನ್ನೆಲ್ಲ ಒಂದೇ ತುತ್ತಿಗೆ ಸ್ವೀಕರಿಸಿದರು, ಖಣವನ್ನು ಮಾತ್ರ ನಾವು ಕೋಲಿನಿಂದ ಎಳೆದು ಉಳಿಸಿಕೊಂಡೆವು. ಆ ವರ್ಷವೂ ಏನೂ ಆಗಲಿಲ್ಲ. ಅಂದಿನಿಂದ ನೋಡಲು ಬಂದವರಿಗೆಲ್ಲ, "ದೊಡ್ಡದು ಗಂಡು, ಬಲು ಛಲೋ ಐತಿ. ಸಣ್ಣದು ಗೊಡ್ಡು ಬಿದ್ದೈತ್ರಿ" ಎಂದು ಅವರ ಎದುರಿಗೇ ಹೇಳುತ್ತ ಬಂದೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ಈ ಸಂಕ್ರಾಂತಿಗೆ ಹೊಸ ಪಶುವೈದ್ಯೆ ಶಾಂಭವಿ ಮೇಡಂ ಬಂದರು. ವಯಸ್ಸಿನಲ್ಲಿ ಚಿಕ್ಕವರು, ಮಾತು ಕಡಿಮೆ. ತಮಗೆ ಮರಿಯಾದರೆ ಅದಕ್ಕೆ ಬದಲಾಗಿ ಬೇರೆ ಪ್ರಾಣಿ ಕೊಡುತ್ತೇವೆಂದು ಇನ್ನೊಂದು ಊರಿನ ಸಂಗ್ರಹಾಲಯದವರು ಹೇಳಿದ್ದರಿಂದ ಅವರು ಹಳೆಯ ಕಡತವನ್ನೆಲ್ಲ ಓದಿ ನನ್ನನ್ನು ಕರೆದು, "ಹೆಣ್ಣಿಂದು ಇಷ್ಟು ಪರೀಕ್ಷಾ ಆಗ್ಯಾವ. ಗಂಡಿಂದು ಒಂದೂ ಇಲ್ಲಲ್ರಿ?" ಎಂದರು. ನಾನು ನಕ್ಕೆ. "ಅವರಿಗೇನಾಗೈತ್ರಿ ಮೇಡಂ? ಹೆಂಗ ಉಣ್ತಾರ ನೋಡ್ರಿ" ಎಂದೆ. ಮೇಡಂ ನಗಲಿಲ್ಲ. "ಗಂಡಿಂದು ಮೊದಲು ನೋಡಬೇಕ್ರಿ, ಅದು ಸರಳ" ಎಂದು ಉದ್ದನೆಯ ಕೋಲಿನ ತುದಿಗೆ ಹತ್ತಿ ಸುತ್ತಿಕೊಂಡು ಬಂದರು. ನಾನು ಸೌತೆಕಾಯಿ ತೋರಿಸಿದೆ, ತಾವು ಪದ್ಧತಿಯಂತೆ ಮಹಾದ್ವಾರ ತೆರೆದಿರಿ, ಅವರು ತಮ್ಮ ಕೆನ್ನೆಯ ಒಳಗೆ ಒಮ್ಮೆ ಸವರಿ ತೆಗೆದರು, ಆ ಜೊಲ್ಲಿನಿಂದಲೇ ಗಂಡು ಹೆಣ್ಣು ತಿಳಿಯುತ್ತದಂತೆ. ಏಳು ವರ್ಷದಲ್ಲಿ ಆಗದ ಕೆಲಸ ಒಂದು ಸೌತೆಕಾಯಿ ಅಗಿಯುವಷ್ಟರಲ್ಲಿ ಮುಗಿಯಿತು. ಫಲಿತಾಂಶ ಬಂದ ದಿನ ಮೇಡಂ ಕಾಗದವನ್ನು ನನ್ನ ಕೈಗೇ ಕೊಟ್ಟು, "ಎರಡೂ ಹೆಣ್ಣು ಅದಾವ್ರಿ ಹಾಲಸಿದ್ದಪ್ಪ. ಪಾಪ, ಆ ಸಣ್ಣದು ಏನು ಮಾಡಬೇಕಿತ್ತು?" ಎಂದರು. ನಾನು ಹುಲ್ಲಿನ ಗಾಡಿ ತಳ್ಳಿಕೊಂಡು ಹೋದೆ.

ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ, ಫಲಕ ಬದಲಿಸಿ ಸುಮ್ಮನಾಗುತ್ತಿದ್ದೆ. ನನಗೆ ಅಂಜನಾ ಎಂಬ ಮಗಳಿದ್ದಾಳೆ. ಆರು ವರ್ಷದ ಹಿಂದೆ ಕುರುಗೋಡಿಗೆ ಕೊಟ್ಟೆ, ಅಳಿಯನ ಹೆಸರು ತಿಪ್ಪೇಶ. ಮಕ್ಕಳಾಗಿಲ್ಲ. ಅವಳ ಅತ್ತೆ ಕೊಟ್ರಮ್ಮನವರು ಅವಳ ಊಟ ಬದಲಿಸಿದರು, ನಾನು ಹೂಂ ಎಂದೆ. ಬಳ್ಳಾರಿಯ ದವಾಖಾನೆಗಳಿಗೆ ಹನ್ನೊಂದು ಸಲ ಕರೆದೊಯ್ದು ಅವಳನ್ನು ಚುಚ್ಚಿಸಿದರು, ಪ್ರತಿಸಲವೂ ಡಾಕ್ಟರು ಎಲ್ಲ ಸರಿ ಇದೆ ಎಂದೇ ಹೇಳಿದರು, ಹಾಗಾದರೆ ಡಾಕ್ಟರೇ ಸರಿ ಇಲ್ಲವೆಂದು ಬೇರೆ ಡಾಕ್ಟರ ಬಳಿಗೆ ಕರೆದೊಯ್ದವನು ನಾನೇ. ಹರಕೆಯೆಂದು ಕೆಂಚನಗುಡ್ಡದ ಹೊಳೆಯಲ್ಲಿ ಮುಳುಗಿಸಿ ಒದ್ದೆ ಸೀರೆಯಲ್ಲಿ ಗುಡಿಗೆ ಸುತ್ತು ಹಾಕಿಸಿದೆವು. ಅವಳು ನಡುಗುತ್ತಿದ್ದಳು, ಇನ್ನೂ ಮೂರು ಸುತ್ತು ಇದೆ ಎಂದು ನಾನು ಎಣಿಸುತ್ತಿದ್ದೆ.

ಕಳೆದ ತಿಂಗಳು, ತಮ್ಮ ಕಾಗದ ಬರುವುದಕ್ಕೆ ಒಂದು ವಾರ ಮೊದಲು, ಬೀಗರ ಮನೆಯಲ್ಲಿ ಹಿರಿಯರು ಕೂತರು. "ಆರು ವರ್ಷ ಕಾದ್ವಿ. ಹುಡುಗಿನ್ನ ಕರಕೊಂಡು ಹೋಗ್ರಿ, ಸೋಡಚೀಟಿ ಆಗಲಿ. ಸಿರುಗುಪ್ಪದಾಗ ಬ್ಯಾರೆ ಹೆಣ್ಣು ನೋಡೀವಿ" ಎಂದು ಕೊಟ್ರಮ್ಮನವರು ವಿಚ್ಛೇದನದ ಮಾತನ್ನು ಸಮಾಧಾನದಿಂದಲೇ ಹೇಳಿದರು. ಹಿರಿಯರಲ್ಲಿ ಒಬ್ಬರು ಹುಡುಗನನ್ನು ಎಲ್ಲಿಯಾದರೂ ತೋರಿಸಿದ್ದೀರಾ ಎಂದು ಕೇಳಿದ್ದಕ್ಕೆ ಅವರು, "ನಮ್ಮ ತಿಪ್ಪೇಶಗ ಏನಾಗೈತ್ರಿ? ಹೆಂಗ ಉಣ್ತಾನ ನೋಡ್ರಿ" ಎಂದರು. ಮಾನ್ಯರೇ, ನಾನು ಶಾಂಭವಿ ಮೇಡಂಗೆ ಹೇಳಿದ ಮಾತನ್ನೇ ಬೀಗಿತ್ತಿಯ ಬಾಯಲ್ಲಿ ಕೇಳಿ, ಎಷ್ಟು ಸರಿಯಾಗಿ ಹೇಳಿದರು ಎಂದು ತಲೆಯಾಡಿಸಿದೆ. ಕೈಮುಗಿದು ಇನ್ನೊಂದು ವರ್ಷ ಬೇಡಿದೆ. ವರ್ಷವನ್ನು ಕೊಡಲಿಲ್ಲ, ಒಂದು ತಿಂಗಳು ಯೋಚನೆ ಮಾಡಿ ಬರ್ರಿ ಎಂದರು. ಆ ಗಡುವು ಬರುವ ಸೋಮವಾರಕ್ಕೆ ಮುಗಿಯುತ್ತದೆ. ಇವತ್ತು ಶನಿವಾರ.

ಈ ಹಿನ್ನೆಲೆಯಲ್ಲಿ ತಮ್ಮಲ್ಲಿ ಕೆಲವು ಬೇಡಿಕೆಗಳನ್ನು ಸಲ್ಲಿಸುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ತಾವು ದಯಮಾಡಿ ಲಾರಿ ಏರಿ ಕುರುಗೋಡಿಗೆ ಚಿತ್ತೈಸಬೇಕು. ದಾರಿಯಲ್ಲಿ ನೀರು ಸುರಿಯುವ ಹೊಣೆ ನನ್ನದು, ಈ ಸಲ ಕಾಗದವನ್ನು ನನ್ನ ಅಂಗಿಯ ಒಳಜೇಬಿನಲ್ಲಿ ನೆನೆಯದಂತೆ ಇಟ್ಟು ತರುತ್ತೇನೆ. ಬೀಗರ ಅಂಗಳ ತಮಗೆ ಸಾಲದಿದ್ದರೆ ಹಿರಿಯರನ್ನು ಕಟ್ಟೆಯ ಮೇಲೆ ಒತ್ತಿ ಕೂಡಿಸೋಣ. ಅಲ್ಲಿ ತಾವು ಮಾತಾಡಬೇಕಾಗಿಲ್ಲ, ಗಂಡಸರಿಗೆ ಪರೀಕ್ಷೆ ಬೇಡವೆಂಬ ಮಾತು ಬಂದಾಗ ಒಮ್ಮೆ ಬಾಯಿ ತೆರೆದರೆ ಸಾಕು. ಕೊಟ್ರಮ್ಮನವರು ಗಟ್ಟಿ ಹೆಂಗಸು, ಅಷ್ಟಕ್ಕೆ ಹೆದರುವವರಲ್ಲ, ಆದರೂ ಆ ಬಾಯಿಯೊಳಗೆ ಒಂದು ಕೋಲು ಹೋಗಿಬರಲು ಎಷ್ಟು ಕಡಿಮೆ ಹೊತ್ತು ಸಾಕೆಂಬುದನ್ನು ತಿಪ್ಪೇಶ ನೋಡಿದಂತಾಗುತ್ತದೆ. ನನ್ನ ಅಳಿಯ ಕೆಟ್ಟವನಲ್ಲ. ಅವನಿಗೆ ಭಯ ಅಷ್ಟೇ, ಆ ಭಯವನ್ನು ಅಂಜನಾ ಹೊತ್ತುಕೊಂಡು ತಿರುಗುತ್ತಿದ್ದಾಳೆ.

ಹಾಗೆಯೇ ಪಂಪಾವತಿಯವರಲ್ಲಿ ನನ್ನ ಪರವಾಗಿ ಕ್ಷಮೆ ಕೇಳಬೇಕೆಂದು ಕೋರುತ್ತೇನೆ. ನಾನೇ ಕೇಳಿದ್ದೇನೆ, ನಿನ್ನೆ ಬೇಲಿಯ ಹತ್ತಿರ ನಿಂತು ತಪ್ಪಾಯಿತೆಂದು ಬಾಯಿ ಬಿಟ್ಟು ಹೇಳಿದೆ, ಅವರು ನೀರೊಳಗೆ ಮುಳುಗಿ ಬಹಳ ಹೊತ್ತು ಮೇಲೆ ಬರಲಿಲ್ಲ. ಅದನ್ನು ಹೇಗೆ ತಿಳಿಯಬೇಕೋ ಗೊತ್ತಾಗಲಿಲ್ಲ. ಮುಂದಿನ ತಿಂಗಳು ನಿಜವಾದ ಗಂಡು ನೀರಾನೆಯೊಂದು ಬರುವ ಮಾತಿದೆ, ಬಂದ ಕೂಡಲೇ ಅದರ ಕೆನ್ನೆಗೇ ಮೊದಲು ಕೋಲು ಹಾಕುತ್ತೇವೆಂದು ಮೇಡಂ ಹೇಳಿದ್ದಾರೆ. ತಾವು ಇನ್ನು ಮುಂದೆಯೂ ಇದೇ ಕೊಳದಲ್ಲಿ, ಪಂಪಾವತಿಯವರ ಅಕ್ಕನಾಗಿಯೋ ಗೆಳತಿಯಾಗಿಯೋ ಅವರ ಇಷ್ಟದಂತೆ ಇದ್ದುಕೊಂಡು, ಇಷ್ಟು ವರ್ಷ ಎರಡು ಪಾಲು ಉಂಡ ಋಣಕ್ಕಾದರೂ ಅವರನ್ನು ಮೊದಲು ಉಣ್ಣಲು ಬಿಡುವಿರೆಂದು ಆಶಿಸುತ್ತೇನೆ.

ಹುಲ್ಲು ಹಾಕುವುದರಲ್ಲಿ ಒಂದು ದಿನವೂ ತಪ್ಪದ, ಉಳಿದುದರಲ್ಲೆಲ್ಲ ತಪ್ಪಿದ
ತಮ್ಮ ವಿಶ್ವಾಸಿ,
ಹಾಲಸಿದ್ದಪ್ಪ

ತಾ.ಕ.: ಈ ಪತ್ರವನ್ನು ಜಂಬಮ್ಮನಿಗೆ ಓದಿ ಹೇಳಿದೆ. ಚೆನ್ನಾಗಿದೆ ಎನ್ನುತ್ತಾಳೆಂದು ಕಾದೆ. "ನೀರಾನಿಗೆ ತಪ್ಪಾತಂತ ಹೇಳಿ ಬಂದ್ರಿ, ಹಾಳಿಗಟ್ಟಲೆ ಬರದ್ರಿ. ಅಂಜನಾಗ ಯಾವಾಗ ಹೇಳ್ತೀರಿ?" ಎಂದಳು. ಸೋಮವಾರದವರೆಗೆ ಕಾಯುವುದು ಬೇಡವೆನಿಸಿ, ಇವತ್ತೇ ಕುರುಗೋಡಿಗೆ ಬರುತ್ತೇನೆ, ತಿಪ್ಪೇಶನ ಪರೀಕ್ಷೆ ಆಗುವವರೆಗೆ ನಿನ್ನನ್ನು ಇನ್ನೊಂದು ದವಾಖಾನೆಗೆ ಕಳಿಸುವುದಿಲ್ಲ, ಯಾವ ಸೋಡಚೀಟಿಗೂ ಒಪ್ಪುವುದಿಲ್ಲ ಎಂದು ಮಗಳಿಗೆ ಫೋನು ಮಾಡಿದೆ. ತಮ್ಮ ಕಥೆಯನ್ನೂ ಹೇಳಿ, ಹಿರಿಯರ ಮುಂದೆ ಇದನ್ನೇ ಹೇಳುತ್ತೇನೆ, ಏಳು ವರ್ಷ ನಮಗೆ ಹೇಳುವವರು ಯಾರೂ ಇರಲಿಲ್ಲವೆನ್ನುತ್ತೇನೆ ಎಂದೆ. ಅವಳು, "ಬರ್ರಿ ಅಪ್ಪ. ಆದ್ರ ನೀರಾನಿ ಸುದ್ದಿ ಬ್ಯಾಡ. ಅದಕ್ಕ ಮಾತು ಬರೂದಿಲ್ಲ. ಮೂರು ವರ್ಷದ ಹಿಂದ ಯುಗಾದಿಗೆ ಬಂದಾಗ, ನಮ್ಮ ಮನಿಯವರ್ನೂ ಒಂದ್ಸಲ ಡಾಕ್ಟರಿಗೆ ತೋರಸ್ರಿ ಅಂತ ನಾನು ನಿಮಗ ಹೇಳಿದ್ದೆ" ಎಂದಳು.

ಹೌದು ಮಾನ್ಯರೇ, ಹೇಳಿದ್ದಳು.