ಡಿಕ್ಕಿಯೊಳಗಿನ ಎಡಗೈ

ಇದು ಎಂಬತ್ತಮೂರರಲ್ಲಿ ನಡೆದದ್ದೋ ಎಂಬತ್ತೈದರಲ್ಲೋ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೆಮ್ಮುತ್ತೇನೆ, ಆಮೇಲೆ ಮಾತು ಬದಲಿಸುತ್ತೇನೆ. ಆಗ ನಮ್ಮ ಕಾರು ನೀಲಿ ಬಣ್ಣದ್ದೆಂದು ನನ್ನ ನೆನಪು. ಅಮ್ಮ ಮಾತ್ರ ಕೊನೆಯವರೆಗೂ ಅದನ್ನು ಬೂದಿ ಬಣ್ಣದ ಕಾರು ಎಂದೇ ಕರೆದಳು. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ, ತುಮಕೂರಿನ ಕಾಲೇಜೊಂದರಲ್ಲಿ ಅದನ್ನೇ ಪಾಠ ಹೇಳಿ, ಕಂಡದ್ದನ್ನೆಲ್ಲ ಅನುಮಾನಿಸಲು ಕಲಿತವನಿಗೆ ಕೊನೆಗೆ ಅನುಮಾನಿಸಲು ಉಳಿಯುವುದು ತನ್ನ ತಲೆಯೊಂದೇ. ಹಾಗಾಗಿ ಮುಂದೆ ಹೇಳುವುದರಲ್ಲಿ ಅರ್ಧವನ್ನು ನೀವು ನಂಬದಿದ್ದರೂ ನನಗೆ ಬೇಸರವಿಲ್ಲ. ಯಾವ ಅರ್ಧ ಎಂಬುದು ಮಾತ್ರ ನನಗೂ ಗೊತ್ತಿಲ್ಲ.

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅದು ಹೊಟ್ಟೆಪಾಡು. ಮನಸ್ಸಿದ್ದದ್ದು ಗುಬ್ಬಿಯ ಒಂದು ಪೌರಾಣಿಕ ನಾಟಕ ತಂಡದಲ್ಲಿ. ಅಲ್ಲಿ ವರ್ಷಗಟ್ಟಲೆ ತಬಲ ನುಡಿಸಿದವರು. ನಿವೃತ್ತರಾದ ಮೇಲೆ ಕಿವಿ ಮಂದವಾಯಿತು. ಒಂದು ದಿನ ತಾಲೀಮಿನಲ್ಲಿ ಹಾಡು ಮುಗಿದರೂ ಇವರು ಬಾರಿಸುತ್ತಲೇ ಇದ್ದರಂತೆ, ರಾಜನ ಪಾತ್ರದವನು ಕಿಸಕ್ಕೆಂದನಂತೆ. ಅಂದೇ ಮನೆಗೆ ಬಂದು ತಬಲಾ ಜೋಡಿಯನ್ನು, ಬಲಗೈಯ ಸಣ್ಣ ಸ್ವರದ ತಬಲ, ಎಡಗೈಯ ದಪ್ಪ ಸದ್ದಿನ ಡಗ್ಗ ಎರಡನ್ನೂ, ಹಳೇ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಕಿವಿಗೆ ಹಾಕಿಕೊಳ್ಳುವ ಯಂತ್ರ ಕೊಡಿಸಿದೆ. "ಜೀರುಂಡೆ ಸಾಕ್ಕೊಂಡಂಗೈತೆ" ಎಂದು ಎರಡೇ ದಿನಕ್ಕೆ ತೆಗೆದಿಟ್ಟರು. ಮನೆಯಲ್ಲಿ ಯಾರು ರೇಡಿಯೋ ಹಾಕಿದರೂ ಎದ್ದು ಹಿತ್ತಲಿಗೆ ಹೋಗಿ ಕೂರುತ್ತಿದ್ದರು. ಈ ಮನುಷ್ಯನಿಗೆ ಇನ್ನೊಮ್ಮೆ ತಬಲ ಕೇಳಿಸಬೇಕು ಎನ್ನುವುದು ನನಗೆ ಹಟವಾಗಿ ಹಿಡಿಯಿತು. ಡಾಕ್ಟರು ಪರೀಕ್ಷೆ ಮಾಡಿ, ಸಣ್ಣ ಸ್ವರಗಳು ಹೋಗಿವೆ, ದಪ್ಪ ಸದ್ದು ಇನ್ನೂ ತಕ್ಕಮಟ್ಟಿಗೆ ಉಳಿದಿದೆ ಎಂದಿದ್ದರು. ದಪ್ಪ ಸದ್ದನ್ನು ಮನೆಯಲ್ಲೇ ಮಾಡೋಣವೆಂದರೆ ಇವರು ಎದ್ದು ಹೋಗುತ್ತಾರೆ. ಓಡುವ ಕಾರಿನಿಂದ ಹೇಗೆ ಎದ್ದು ಹೋದಾರು?

ನಮ್ಮದು ಸೆಕೆಂಡ್ ಹ್ಯಾಂಡ್ ಕಾರು, ಆದರೆ ಕಂಪನಿಯವರೇ ಕೂರಿಸಿಕೊಟ್ಟ ಸ್ಟೀರಿಯೋ ಅದರಲ್ಲಿತ್ತು. ಅದರ ಸದ್ದೋ, ಕೆರೆಯ ಆಚೆ ದಡದಲ್ಲಿ ಯಾರೋ ಮೂಗಿನಲ್ಲಿ ಹಾಡಿದ ಹಾಗೆ. ರೇಡಿಯೋ ರಿಪೇರಿಯ ನಜೀರ್ ಸಾಬರ ಮುಂದೆ ನನ್ನ ಯೋಜನೆ ಬಿಚ್ಚಿಟ್ಟೆ. ದಪ್ಪ ಸದ್ದಿಗೆಂದೇ ಇರುವ ಸ್ಪೀಕರನ್ನು, ಈಗಿನವರು ಸಬ್‌ವೂಫರ್ ಎನ್ನುವುದನ್ನು ಅವರು 'ಬೇಸ್ ಡಬ್ಬ' ಎನ್ನುತ್ತಿದ್ದರು. "ಸ್ಟೀರಿಯೋನ ಮುಟ್ಟೋದೇ ಬೇಡ ಮೇಷ್ಟ್ರೇ. ಅದರ ಸ್ಪೀಕರ್ ವೈರಿಂದಾನೇ ಸೌಂಡ್ ಕದ್ದು, ಇನ್ನೊಂದು ಆಂಪ್ಲಿಫೈಯರ್‌ಗೆ ಕೊಡ್ತೀನಿ. ಅದಕ್ಕೆ ಗೊತ್ತೇ ಆಗಲ್ಲ" ಎಂದರು. ಕುಣಿಗಲ್‌ನಲ್ಲಿ ಮುಚ್ಚಿಹೋಗಿದ್ದ ಟೆಂಟ್ ಸಿನಿಮಾದಿಂದ ಊಟದ ತಟ್ಟೆಯಷ್ಟು ಅಗಲದ ಸ್ಪೀಕರ್ ತಂದರು. ಅದನ್ನು ಕೂರಿಸಲು ಪೆಟ್ಟಿಗೆ ಬೇಕಲ್ಲ? ನಾನು ಎರಡು ಸಂಜೆ ಕೂತು ಉದ್ದ, ಅಗಲ, ಎತ್ತರ ಲೆಕ್ಕ ಹಾಕಿ ಗುಬ್ಬಿಯ ಬಡಗಿ ಬಸವಾಚಾರ್ರಿಗೆ ಕೊಟ್ಟೆ. ಅವರು ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಲಿಲ್ಲ. ಆದರೆ ನನ್ನ ನಕ್ಷೆಯಲ್ಲಿಲ್ಲದ ಒಂದು ಮುಚ್ಚಳ, ಎರಡು ಕೀಲು, ಒಂದು ಚಿಲಕ ಸೇರಿಸಿದ್ದರು. ಗಾಳಿಯೇ ಆಡದಂತೆ ಮುಚ್ಚಿರಬೇಕಿತ್ತು ಎಂದು ನಾನು ಗೋಳಾಡಿದರೆ, "ಪೆಟ್ಟಿಗೆ ಅಂದ್ಮೇಲೆ ಚಿಲಕ ಬೇಡ್ವಾ ಸಾಮಿ? ಮುಚ್ಚಳ ಇಲ್ದಿರೋ ಪೆಟ್ಟಿಗೆ ಮಾಡ್ಕೊಟ್ಟ ಅಂತ ನನ್ನ ಆಡ್ಕೊಳಲ್ವಾ ಜನ?" ಎಂದರು. ಅವರ ವೃತ್ತಿಗೌರವದ ಮುಂದೆ ನನ್ನ ಭೌತಶಾಸ್ತ್ರ ತೆಪ್ಪಗಾಯಿತು.

ಮೊದಲ ಪ್ರಯೋಗ ಒಂದು ಭಾನುವಾರ ಬೆಳಿಗ್ಗೆ, ತುಮಕೂರಿನಿಂದ ಗುಬ್ಬಿಗೆ. ಅಪ್ಪ ಹಿಂದಿನ ಸೀಟಿನಲ್ಲಿ, ಅವರ ಬೆನ್ನ ಹಿಂದೆ ಡಿಕ್ಕಿಯಲ್ಲಿ ಪೆಟ್ಟಿಗೆ. ನಾಟಕ ತಂಡದವರೇ ಹಾಡಿ ತುಂಬಿಸಿದ್ದ ಕ್ಯಾಸೆಟ್ ಹಾಕಿದೆ. ಅದರಲ್ಲಿ ತಬಲ ನುಡಿಸಿದವನು ಅಪ್ಪನ ಶಿಷ್ಯ ಶಿವಣ್ಣ. ಊರು ದಾಟುತ್ತಿದ್ದಂತೆ ಅಪ್ಪನ ಹುಬ್ಬು ಮೇಲೇರಿತು. ಕನ್ನಡಿಯಲ್ಲಿ ಅದನ್ನು ನೋಡಿ ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಅವರ ಮುಖ ಕಿವುಚಿಕೊಂಡಿತು. "ಯಾವನ್ಲಾ ಅವ್ನು ಬಾರಿಸ್ತಿರೋನು? ನಮ್ಮ ಶಿವಣ್ಣನಾ? ಕುಡಿದು ಕೂತವ್ನೇನ್ಲಾ? ಲಯಾನೇ ಇಲ್ವಲ್ಲೋ!" ಗುಬ್ಬಿಯಲ್ಲಿ ನಿಲ್ಲಿಸಿ ಪೆಟ್ಟಿಗೆ ತೆರೆದರೆ ಒಳಗೆ ಮೂವತ್ತು ಕೊಬ್ಬರಿ ಗಿಟುಕು. ಗುಬ್ಬಿಯ ಅತ್ತೆಗೆಂದು ಅಮ್ಮ ತುಂಬಿಸಿ ಚಿಲಕ ಹಾಕಿದ್ದಳು. ರಸ್ತೆಯ ಹಳ್ಳ ಬಂದಾಗಲೆಲ್ಲ ಅವು ಉರುಳಿ ತಬಲ ಬಾರಿಸಿದ್ದವು. "ಅಷ್ಟು ಒಳ್ಳೆ ಪೆಟ್ಟಿಗೇನ ಖಾಲಿ ಯಾಕೆ ಕಳಿಸ್ಲಿ?" ಎಂದು ಆಮೇಲೆ ನನ್ನನ್ನೇ ಕೇಳಿದಳು.

ಬಸವಾಚಾರ್ರು ಮುಖ ಗಂಟಿಕ್ಕಿಕೊಂಡೇ ಮುಚ್ಚಳಕ್ಕೆ ಸ್ಕ್ರೂ ಹೊಡೆದರು. ಅದಕ್ಕೆ ಮೊದಲು ಒಳಗೆ ತೆಂಗಿನ ನಾರು ತುಂಬಿದೆವು, ಸದ್ದು ಗುಂಯ್‌ಗುಡದಿರಲಿ ಎಂದು. ಸುದ್ದಿ ಕೇಳಿ ಬಂದ ಶಿವಣ್ಣ ತನ್ನ ಮಾನ ಉಳಿಸಿಕೊಳ್ಳಲು ತಾನೂ ಕಾರು ಹತ್ತಿ ಅಪ್ಪನ ಪಕ್ಕ ಕೂತ. ಗುಬ್ಬಿಯ ಪಕ್ಕದ ಕಡಬದ ಕಡೆ ಹೊರಟೆವು. ಹಾಡು ಶುರುವಾಯಿತು. ಸ್ವಲ್ಪ ಹೊತ್ತಿಗೆ ಅಪ್ಪ ಎಡಗೈಯನ್ನು ಸೀಟಿನ ಒರಗುವ ಭಾಗಕ್ಕೆ ಒತ್ತಿ ಹಿಡಿದರು, ಮಗುವಿನ ಜ್ವರ ನೋಡುವವರ ಹಾಗೆ.

"ಎಡಗೈ ಸಿಕ್ತು ಕಣೋ" ಎಂದರು. "ಡಗ್ಗ ಗುಮ್ ಅಂತಾ ಐತೆ. ಬಲಗೈ ಎಲ್ಲೋಯ್ತೋ ಶಿವಣ್ಣ?"

ಶಿವಣ್ಣ ಅವರ ಕಿವಿಯ ಹತ್ತಿರ ಬಾಗಿ, "ಬಾರಿಸಿದೀನಿ ಗುರುಗಳೇ, ಐತೆ" ಎಂದು ಕೂಗಿದ.

"ಇರ್ಲಿ ಬುಡು. ಅದನ್ನ ನಾನು ಹಾಕ್ಕತೀನಿ."

ಬಲಗೈ ಬೆರಳುಗಳು ಅವರ ಮಂಡಿಯ ಮೇಲೆ ಆಡತೊಡಗಿದವು. ಕಡಬದ ಕೆರೆ ಬರುವವರೆಗೂ ಆಡಿದವು. ಅಲ್ಲಿ ಕಾರು ನಿಲ್ಲಿಸಿದಾಗ ಶಿವಣ್ಣ ಕಣ್ಣೊರೆಸಿಕೊಂಡು, ನನ್ನ ಕಡೆ ತಿರುಗಿ, "ಒಂದೇಟೂ ತಪ್ಪಲಿಲ್ಲ ಅಣ್ಣಾ" ಎಂದ. ಮರುವಾರ ಅಪ್ಪ ತಾವೇ ಏಣಿ ಹಾಕಿಸಿ ಅಟ್ಟದಿಂದ ತಬಲ ಇಳಿಸಿದರು.

ಇಲ್ಲಿಗೆ ಮುಗಿಸಿದ್ದರೆ ನಾನು ಸುಖವಾಗಿರುತ್ತಿದ್ದೆ. ಆದರೆ ಅನುಮಾನದ ಹುಳು ಬಿಡಬೇಕಲ್ಲ. ಅಂದು ನನ್ನ ಬೆರಳುಗಳೂ ಸ್ಟೀರಿಂಗ್ ಮೇಲೆ ತಾಳ ಹಾಕುತ್ತಿದ್ದವು. ಹಿಂದೆ ಕೂತವರಿಗೆ ಅದು ಕಾಣುತ್ತಿತ್ತು. ಅಪ್ಪ ನಿಜವಾಗಿ ಕೇಳಿದರೋ, ಅಥವಾ ಮಗ ಇಷ್ಟು ಪಾಡುಪಟ್ಟಿದ್ದಾನೆಂದು ನನ್ನ ಬೆರಳು ನೋಡಿಕೊಂಡು ನನ್ನನ್ನು ಸಮಾಧಾನ ಮಾಡಿದರೋ? ಅವರನ್ನೇ ಕೇಳುವ ಧೈರ್ಯ ಬರಲಿಲ್ಲ. ಅವರು ಹೋಗಿ ಎಷ್ಟೋ ವರ್ಷದ ಮೇಲೆ, ತಡೆಯಲಾರದೆ, ಅದೇ ಕ್ಯಾಸೆಟ್ ಹಿಡಿದು ಶಿವಣ್ಣನ ಮನೆಗೆ ಹೋದೆ. "ನಾನು ಮೇಜಿನ ಮೇಲೆ ತಾಳ ಹಾಕ್ತೀನಿ, ನೀನು ನನ್ನ ಬೆರಳು ಮಾತ್ರ ನೋಡ್ತಿರು" ಎಂದೆ. ಹಾಡು ಮುಗಿಯುವ ಹೊತ್ತಿಗೆ ಶಿವಣ್ಣ ತಲೆ ತಗ್ಗಿಸಿಬಿಟ್ಟಿದ್ದ.

"ಬೇಜಾರು ಮಾಡ್ಕಬೇಡಿ ಅಣ್ಣಾ. ನಿಮ್ಮ ಬೆರಳು ನೋಡ್ಕಂಡು ಬಾರಿಸ್ದೋನು ಯಾವನೇ ಆದ್ರೂ ಎರಡನೇ ಸುತ್ತಿಗೇ ಹಳ್ಳಕ್ಕೆ ಬೀಳ್ತಾನೆ. ಗುರುಗಳು ಅವತ್ತು ಒಂದೇಟೂ ತಪ್ಪಿರಲಿಲ್ಲ."

ಒಂದೇ ಪ್ರಯೋಗವನ್ನು ನಂಬುವ ಅಭ್ಯಾಸ ನನಗಿಲ್ಲ. ಇನ್ನೆರಡು ಸಲ ಹಾಕಿಸಿದೆ. ಎರಡು ಸಲವೂ ಬಿದ್ದೆ. ಈ ಇಡೀ ಪ್ರಸಂಗದಲ್ಲಿ ನಾನು ಖುದ್ದಾಗಿ ಪರೀಕ್ಷಿಸಿ ಖಚಿತಪಡಿಸಿಕೊಂಡ ಸಂಗತಿ ಇದೊಂದೇ: ನನಗೆ ತಾಳಜ್ಞಾನ ಚೂರೂ ಇಲ್ಲ. ಅಷ್ಟು ಸಂತೋಷದಿಂದ ನಾನು ಯಾವ ಪರೀಕ್ಷೆಯಲ್ಲೂ ಫೇಲಾದವನಲ್ಲ.