ನಲವತ್ತಕ್ಕೆ ನಡುಗುತ್ತಿದ್ದ ಕಾರು

ಕಾರಿನ ಕಾಯಿಲೆಗೆ ನನ್ನ ಹತ್ತಿರ ಸ್ಪ್ಯಾನರ್ ಇತ್ತು. ಕಾರಿನವರಿಗೆ ಏನು ಮಾಡಬೇಕು ಅಂತ ಮಾತ್ರ ಕೊನೇವರೆಗೂ ಗೊತ್ತಾಗಲಿಲ್ಲ. ಅರವತ್ತರ ದಶಕದಲ್ಲಿ ಜಯನಗರದಲ್ಲಿ ಗ್ಯಾರೇಜು ಇಟ್ಟವನಿಗೆ ಇಂಥವು ವಾರಕ್ಕೊಂದಾದ್ರೂ ಗಂಟುಬೀಳೋವು. ಒಂದೇ ಕಾರಿನ ಮೂರು ಪ್ರಸಂಗ ಹೇಳ್ತೀನಿ, ಕೇಳಿ.

೧. ಮೂವತ್ತೆಂಟರ ಗಡಿ

ದಸರಾ ಮುಗಿದ ವಾರ ಯಡಿಯೂರಿನ ರಿಟೈರಾದ ಅಮಲ್ದಾರರು ತಮ್ಮ ಹಳೇ ಕಾರು ತಂದರು. "ನಲವತ್ತು ಮೈಲಿ ಮುಟ್ಟಿದ್ರೆ ಸಾಕು, ಸ್ಟೀರಿಂಗ್ ಗಡಗಡ ನಡುಗುತ್ತಪ್ಪ. ನಡುಗೋ ಗಾಡಿ ಮನೆಗೆ ಶುಭ ಅಲ್ಲ, ಭಾನುವಾರದೊಳಗೆ ಸರಿಹೋಗದಿದ್ರೆ ಮಾರಿಬಿಡು ಅಂತ ನಮ್ಮಮ್ಮನ ಹುಕುಂ."

ಹೆಂಡತಿ ತೀರಿಕೊಂಡ ಮೇಲೆ ಆ ಕಾರೇ ಅವರಿಗೆ ಜೊತೆ. ಕೈಲಿದ್ದ ಕೆಲಸ ಪಕ್ಕಕ್ಕಿಟ್ಟೆ.

ಕನಕಪುರ ರಸ್ತೆಗೆ ಹೋದ್ವಿ. ಅವರೇ ಓಡಿಸಿದ್ರು. ಮೂವತ್ತೆಂಟಕ್ಕೆ ಬಂತು, ಬ್ರೇಕು. ಮತ್ತೆ ಮೂವತ್ತೆಂಟು, ಮತ್ತೆ ಬ್ರೇಕು. ಮೂರನೇ ಸಲಕ್ಕೆ ನಾನು ಕೇಳಿದೆ, "ಯಾಕೆ ಸಾರ್ ನಿಲ್ಲಿಸ್ತೀರಿ?"

"ಇನ್ನೂ ಮುಂದಕ್ಕೆ ಹೋದ್ರೆ ನಡುಗುತ್ತಲ್ಲಪ್ಪ!"

೨. ಪಂಡಿತರ ಕಷಾಯ

ಕೊನೆಗೆ ನಾನೇ ಓಡಿಸಿದೆ. ನಲವತ್ತಕ್ಕೆ ನನ್ನ ಕೈ ಮೊಣಕೈವರೆಗೂ ಅದುರಿತು. ಗ್ಯಾರೇಜಿಗೆ ತಂದು ಬೇರಿಂಗು, ಸ್ಟೀರಿಂಗಿನ ಕೀಲು ಎಲ್ಲಾ ಬಿಚ್ಚಿ ನೋಡಿದೆ. ಎಲ್ಲಾ ಗಟ್ಟಿಮುಟ್ಟು.

ಪಕ್ಕದ ಮನೆ ಆಯುರ್ವೇದದ ಪಂಡಿತರು ಬೆಂಚಿನ ಮೇಲೆ ಕೂತು ನೋಡ್ತಿದ್ದರು. ಯಾರೂ ಕೇಳದೆ ಅಮಲ್ದಾರರ ನಾಡಿ ಹಿಡಿದೇಬಿಟ್ಟರು. "ಕಾರಿಗೆ ಏನೂ ಆಗಿಲ್ಲ. ಇವರಿಗೆ ವಾತ."

"ನನ್ನ ಕೈಯೂ ಅದುರಿತಲ್ಲ ಪಂಡಿತರೇ?" ಅಂದೆ.

"ಹಾಗಾದ್ರೆ ನಿನಗೂ ಒಂದು ಸೀಸೆ."

ಮೂರು ದಿನ ಇಬ್ಬರೂ ಮುಖ ಹಿಂಡಿಕೊಂಡು ಕುಡಿದ್ವಿ. ಕಷಾಯ ಕುಡಿಯದೆ ಇದ್ದದ್ದು ಕಾರೊಂದೇ, ಅದು ನಡುಗ್ತಾನೇ ಇತ್ತು.

೩. ಅಜ್ಜಿಯ ಪೂಜೆ

ಶನಿವಾರ, ಅವರು ವಾಪಸ್ ಒಯ್ದಿದ್ದ ಕಾರನ್ನ ಇನ್ನೊಂದ್ಸಲ ನೋಡೋಣ ಅಂತ ಅಮಲ್ದಾರರ ಮನೆಗೇ ಹೋದೆ. ಮುಂದಿನ ಚಕ್ರ ತೊಳೆದ ಹಿತ್ತಾಳೆ ಚೆಂಬಿನ ಹಾಗೆ ಫಳಫಳ ಅಂತಿತ್ತು. ಆಗ ಹೊಳೀತು. ಚಕ್ರದ ಭಾರ ಸಮ ಇರಲಿ ಅಂತ ಅದರ ಅಂಚಿಗೆ ನಾನೇ ಹೆಬ್ಬೆರಳಿನಷ್ಟು ಸೀಸದ ತುಂಡು ಸಿಕ್ಕಿಸಿದ್ದೆ. ಅದೇ ಇಲ್ಲ! ಒಳಗೆಲ್ಲಾ ಹುಡುಕಿದವನು ಹೊರಗೆ ನೋಡಿರಲಿಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

"ಸಾರ್, ಚಕ್ರ ತೊಳೆದವರು ಯಾರು?"

"ಆಯುಧಪೂಜೆಗೆ ಅಮ್ಮನೇ ಹುಣಸೆಹಣ್ಣು ಹಾಕಿ ಉಜ್ಜಿದ್ರು."

ಎಂಬತ್ತು ದಾಟಿದ ಅಜ್ಜಿ ಹೊರಗೆ ಬಂದರು. "ಹೂಂ, ಏನೋ ಒಂದು ಅಂಟಿಕೊಂಡಿತ್ತು, ಸಟ್ಟುಗದಲ್ಲಿ ಎಬ್ಬಿಸಿದೆ. ಗಾಡೀದು, ಎಸೀಬಾರ್ದು ಅಂತ ದೇವರ ಮುಂದೆ ಇಟ್ಟಿದೀನಿ."

ದೇವರ ಮನೇಲಿ ನೋಡ್ತೀನಿ, ನನ್ನ ಸೀಸದ ತುಂಡು ಅರಿಶಿನ ಕುಂಕುಮ ಇಟ್ಟುಕೊಂಡು, ಸೇವಂತಿಗೆ ಮುಡಿದು ಕೂತಿದೆ! ಪುಣ್ಯಕ್ಕೆ ಉಳಿದ ಚಕ್ರಗಳಿಗೆ ಒಳಬದಿಯಲ್ಲಿ ಹಾಕಿದ್ದೆ, ಅಜ್ಜಿ ಕಣ್ಣಿಗೆ ಬಿದ್ದಿರಲಿಲ್ಲ. ಅದನ್ನ ಅವರ ಮುಂದೇನೇ ಬಾಯಿಬಿಟ್ಟು ಹೇಳಿಬಿಟ್ಟೆ.

"ಪೂಜೆ ಮಾಡಿದ್ದನ್ನ ಬೀದೀಲಿ ಉರುಳಿಸ್ತೀಯಾ?" ಅಂತ ಅಜ್ಜಿ ಅಡ್ಡ ನಿಂತರು. ಮಗ ಕೈಮುಗಿದರು, "ಅಮ್ಮಾ, ಅದಿಲ್ಲದೆ ನಡುಕ ನಿಲ್ಲಲ್ಲ, ನಾಳೆ ಕಾರು ಮಾರಬೇಕಾಗುತ್ತೆ." ಅಜ್ಜಿ ಗೊಣಗುತ್ತಾ ಕೊಟ್ಟರು.

ತುಂಡು ಸಿಕ್ಕಿಸಿ, ಅಜ್ಜೀನೂ ಹಿಂದೆ ಕೂರಿಸಿಕೊಂಡು ಹೊರಟ್ವಿ. ನಲವತ್ತು. ನಲವತ್ತೈದು. ಸ್ಟೀರಿಂಗ್ ಅಲುಗಲಿಲ್ಲ. ಅಮಲ್ದಾರರು ಮದುವೆ ಗಂಡಿನ ಹಾಗೆ ನಗ್ತಿದ್ದರು.

ಹಿಂದಿನಿಂದ ಅಜ್ಜಿ ನನ್ನ ಹೆಗಲು ತಟ್ಟಿದರು.

"ನೋಡಿದ್ಯಾ, ಇಷ್ಟು ದಿನದ ಪೂಜೆಗೇ ಎಷ್ಟು ಗುಣ! ಉಳಿದ ಮೂರು ಚಕ್ರದ್ದೂ ಕಿತ್ತುಕೊಡಪ್ಪ."